ಎಡಗೈ ತಾಳ

ನನ್ನ ಗಂಟಲು ವರ್ಷಕ್ಕೆ ಒಂಬತ್ತೇ ದಿನ ಕೆಡುತ್ತಿತ್ತು. ಮಹಾಲಯ ಅಮಾವಾಸ್ಯೆಯ ಮಾರನೆಯ ದಿನ ಶುರುವಾಗಿ, ಆಯುಧಪೂಜೆಯ ಸಂಜೆಯವರೆಗೂ ಇದ್ದು, ವಿಜಯದಶಮಿಯ ಬೆಳಿಗ್ಗೆ ತನ್ನಷ್ಟಕ್ಕೆ ವಾಸಿಯಾಗುತ್ತಿತ್ತು. ವೈದ್ಯರಿಗೆ ತೋರಿಸಿದ್ದರೆ ಈ ಕಾಯಿಲೆಗೆ ಹೆಸರಿಡಲು ಅವರು ಒದ್ದಾಡಬೇಕಿತ್ತು. ಹೆಸರು ನನಗೆ ಗೊತ್ತಿತ್ತು: ಹಸಿ ಸುಳ್ಳು.

ಸಾರಕ್ಕಿ ಮಾರುಕಟ್ಟೆಯ ಹಿಂದಿನ ರಸ್ತೆಯಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ರವಿಕೆ ಹೊಲಿಯುವುದು ನನ್ನ ಕಸುಬು. ಜಯನಗರ, ಜೆ.ಪಿ. ನಗರದ ಎಷ್ಟೋ ಹೆಂಗಸರ ತೋಳು, ಬೆನ್ನು, ಎದೆಯ ಅಳತೆ ಮೂವತ್ತು ವರ್ಷದಿಂದ ನನ್ನ ಪುಸ್ತಕದಲ್ಲಿದೆ. ಯಾರು ಯಾವ ವರ್ಷ ದಪ್ಪಗಾದರು ಎಂಬುದು ಅವರ ಗಂಡಂದಿರಿಗಿಂತ ನನಗೆ ಚೆನ್ನಾಗಿ ಗೊತ್ತು. ಹಬ್ಬಕ್ಕೆ ರವಿಕೆ ಹೊಲಿದುಕೊಟ್ಟವಳನ್ನು ಅರಿಶಿನ ಕುಂಕುಮಕ್ಕೆ ಕರೆಯದೆ ಬಿಡುವುದುಂಟೇ? ಕರೆಯುತ್ತಾರೆ, ಹೋಗುತ್ತೇನೆ. ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ ಪಟ್ಟದ ಗೊಂಬೆಗಳನ್ನು ನೋಡಿ, ಎದುರಿನ ಜಮಖಾನದ ಮೇಲೆ ಕೂರುತ್ತೇನೆ. ಅಲ್ಲಿಯತನಕ ಸುಖವೋ ಸುಖ. ಆಮೇಲೆ ಬರುತ್ತದೆ ಆ ಮಾತು: "ಒಂದ್ ಹಾಡು ಹೇಳಿ, ಆಮೇಲೆ ತಾಂಬೂಲ."

ಇದು ನಮ್ಮ ಕಡೆಯ ಗೊಂಬೆ ಮನೆಗಳ ಪದ್ಧತಿ. ಬಂದ ಹೆಂಗಸರು ಸಾಲಾಗಿ ಒಂದೊಂದು ಹಾಡು ಹೇಳಬೇಕು. ಸಾಲು ಎಡದಿಂದ ಶುರುವಾಗಿ ನನ್ನ ಕಡೆಗೆ ಬರುವಾಗ, ಇನ್ನೂ ನಾಲ್ಕು ಜನ, ಇನ್ನೂ ಮೂರು ಜನ ಎಂದು ಎಣಿಸುತ್ತಿದ್ದೆ. ಸರದಿ ಬಂದ ಕೂಡಲೇ ಗಂಟಲು ಮುಟ್ಟಿಕೊಂಡು ತಲೆಯಾಡಿಸುತ್ತಿದ್ದೆ. ಒಂದು ವರ್ಷ ನೆಗಡಿ, ಇನ್ನೊಂದು ವರ್ಷ ಧೂಳು. ಮತ್ತೊಂದು ವರ್ಷ ನೆವ ಹೊಳೆಯದೆ "ನಿನ್ನೆ ಐಸ್ ಕ್ರೀಮ್ ತಿಂದೆ" ಎಂದುಬಿಟ್ಟೆ. ಮೊಮ್ಮಗಳನ್ನು ಎತ್ತಾಡಿಸುವ ವಯಸ್ಸಿನವಳು ಹೇಳುವ ಮಾತೇ ಅದು?

ನಮ್ಮ ಮನೆಯಲ್ಲಿ ಹಾಡು ಇರಲಿಲ್ಲ ಎಂದಲ್ಲ. ಸಾರಕ್ಕಿ ಇನ್ನೂ ಹಳ್ಳಿಯಾಗಿದ್ದಾಗ ನಮ್ಮದು ಕೆರೆಯ ಕೆಳಗೆ ಸೊಪ್ಪಿನ ತೋಟ. ನಮ್ಮಜ್ಜಿ ಮದುವೆಗಳಲ್ಲಿ ಸೋಬಾನೆ ಹೇಳಿದರೆ ಗಂಡಿನ ಕಡೆಯವರು ಊಟ ಬಿಟ್ಟು ಕೇಳುತ್ತಿದ್ದರು. ಆದರೆ ಆ ಹಾಡುಗಳು ಜಮಖಾನದ ಮೇಲೆ ಕೂತಾಗ ನನ್ನ ನಾಲಿಗೆಗೆ ಬರುತ್ತಿರಲಿಲ್ಲ. ಪಕ್ಕದವರು ಕಲ್ಯಾಣಿ, ಮೋಹನ ಎಂದು ರಾಗದ ಹೆಸರು ಹೇಳಿ ಹಾಡಿದ ಮೇಲೆ, ನಾನು ಸೊಪ್ಪಿನ ತೋಟದ ಹಾಡು ತೆಗೆಯುವುದು ಹೇಗೆ? ಯಾರೂ ನನಗೆ ಬೇಡ ಎಂದಿರಲಿಲ್ಲ. ನಾಚಿಕೆ ನನ್ನದೇ, ಸ್ವಂತ ಬೆಳೆ.

ಎಲ್ಲಕ್ಕಿಂತ ಕಷ್ಟದ ಮನೆ ವಿಶಾಲಾಕ್ಷಮ್ಮನವರದು. ಜಯನಗರದ ತಮ್ಮ ಮನೆಯ ಹಜಾರದಲ್ಲಿ ನಲವತ್ತು ವರ್ಷ ಮಕ್ಕಳಿಗೆ ಸಂಗೀತ ಹೇಳಿಕೊಟ್ಟವರು ಅವರು. ಅಪಸ್ವರ ಕೇಳಿದರೆ ಮಾತಾಡುವುದಿಲ್ಲ, ಎಡಹುಬ್ಬನ್ನು ಒಂದು ನೂಲು ಮೇಲೆತ್ತುತ್ತಾರೆ. ಆ ಹುಬ್ಬಿಗೆ ಹೆದರಿ ಪಾಠ ಬಿಟ್ಟ ಮಕ್ಕಳು ಈಗ ಎಲ್ಲೆಲ್ಲೋ ದೊಡ್ಡ ಹುದ್ದೆಯಲ್ಲಿದ್ದಾರಂತೆ. ಹತ್ತು ವರ್ಷದ ಹಿಂದೆ ಒಮ್ಮೆ, ರವಿಕೆ ಕೊಡುವ ನೆವದಲ್ಲಿ, ನನಗೂ ಹೇಳಿಕೊಡುತ್ತೀರಾ ಎಂದು ಕೇಳಲು ಹೋಗಿದ್ದೆ. ಚಾಪೆಯ ಮೇಲೆ ಆರು ವರ್ಷದ ಮಕ್ಕಳು ಸಾಲಾಗಿ ಕೂತಿದ್ದರು. ಆ ಸಾಲಿನ ಕೊನೆಯಲ್ಲಿ ನನ್ನನ್ನು ಊಹಿಸಿಕೊಂಡೆ. "ತೋಳು ಸ್ವಲ್ಪ ಸಡಿಲ ಮಾಡಿದೀನಿ ಅಮ್ಮ" ಎಂದಷ್ಟೇ ಹೇಳಿ ರವಿಕೆ ಕೊಟ್ಟು ಬಂದೆ. ಆದರೆ ಆಸೆ ಹೋಗಲಿಲ್ಲ. ಸಾಯುವುದರೊಳಗೆ ಒಂದೇ ಒಂದು ಸಲ, ಆ ಗೊಂಬೆಗಳ ಮುಂದೆ, ಆ ಹುಬ್ಬಿನ ಮುಂದೆ, ಒಂದು ಹಾಡನ್ನು ಮೊದಲಿನಿಂದ ಕೊನೆಯವರೆಗೆ ಹೇಳಬೇಕು. ನಗಬೇಡಿ, ಕೆಲವರಿಗೆ ಕಾಶಿಗೆ ಹೋಗುವ ಆಸೆ ಇರುವುದಿಲ್ಲವೇ?

ಗುರು ಸಿಕ್ಕಿದ್ದು ಅಂಗಡಿಯಲ್ಲೇ. ಎರಡು ವರ್ಷದ ಹಿಂದೆ ಫೋನಿನಲ್ಲಿ ಪಾಟ್ ನೆಕ್ ರವಿಕೆ ಕತ್ತರಿಸುವ ವಿಡಿಯೊ ಹುಡುಕುತ್ತಿದ್ದೆ. ಬೆರಳು ಎಲ್ಲಿ ತಗುಲಿತೋ, ಸೀರೆಯುಟ್ಟ ಒಬ್ಬ ಹೆಂಗಸು ಬಿಳಿ ಗೋಡೆಗೆ ಬೆನ್ನು ಕೊಟ್ಟು ಕೂತು, "ಬನ್ನಿ, ಇವತ್ತು ಸಂಗೀತದ ಮೊದಲ ಪಾಠ, ಸರಳೆ ವರಸೆ ಶುರು ಮಾಡೋಣ. ಯಾವ ವಯಸ್ಸಾದ್ರೂ ಪರವಾಗಿಲ್ಲ" ಎಂದರು. ನನ್ನ ಮುಖ ನೋಡಿಯೇ ಹೇಳಿದಂತಿತ್ತು. ಕತ್ತರಿ ಕೆಳಗಿಟ್ಟೆ. ಅಂದಿನಿಂದ ಅವರು ನನ್ನ ಟೀಚರಮ್ಮ. ಅವರಿಗೆ ನಾನು ಯಾರೆಂದು ಗೊತ್ತಿಲ್ಲ, ಅದೇ ನಮ್ಮಿಬ್ಬರ ಸಂಬಂಧದ ದೊಡ್ಡ ಅನುಕೂಲ.

ಫೋನಿನ ಗುರುವಿನ ತಾಳ್ಮೆಯ ಬಗ್ಗೆ ಎಷ್ಟು ಹೇಳಿದರೂ ಸಾಲದು. ಅದೇ ಸಾಲನ್ನು ನಲವತ್ತು ಸಲ ಕೇಳಿ, ನಲವತ್ತೊಂದನೆಯ ಸಲವೂ ಅವರು ಅದೇ ನಗುಮುಖದಿಂದ ಹೇಳಿಕೊಡುತ್ತಾರೆ. ಜೋರಾಯಿತೆನಿಸಿದರೆ ವೇಗವನ್ನು ಅರ್ಧ ಮಾಡಬಹುದು. ಆಗ ಟೀಚರಮ್ಮ ಬಾಯಿತುಂಬ ಅವಲಕ್ಕಿ ಇಟ್ಟುಕೊಂಡವರಂತೆ ಕೇಳಿಸುತ್ತಾರೆ, ಆದರೆ ಗಮಕ ಎಲ್ಲಿ ಏರಿ ಎಲ್ಲಿ ಇಳಿಯುತ್ತದೆಂದು ತಿಳಿಯುತ್ತದೆ. ಮಧ್ಯದಲ್ಲಿ ಗಿರಾಕಿ ಬಂದರೆ ನಿಲ್ಲಿಸಿ, ಅಳತೆ ತೆಗೆದು, ಲೈನಿಂಗ್ ಬೇಕೋ ಬೇಡವೋ ಕೇಳಿ, ಮತ್ತೆ ಶುರುಮಾಡಬಹುದು. ಗುರುವನ್ನು ಹೀಗೆ ಬಾಯಿ ತೆರೆದಲ್ಲೇ ನಿಲ್ಲಿಸಿ ರವಿಕೆ ಕತ್ತರಿಸಲು ಹೋಗುವ ಭಾಗ್ಯ ಹಿಂದಿನ ಯಾವ ಶಿಷ್ಯರಿಗೆ ಇತ್ತು?

ಆಮೇಲೆ ಒಂದೊಂದೇ ಬಾಗಿಲು ತೆರೆಯಿತು. ಶ್ರುತಿಗೆ ಒಂದು ಆ್ಯಪ್. ಅದನ್ನು ಒತ್ತಿದರೆ ತಂಬೂರಿ ಮಿಡಿಯುತ್ತಲೇ ಇರುತ್ತದೆ. ಮೊದಮೊದಲು ಟೀಚರಮ್ಮನ ಎತ್ತರದ ಶ್ರುತಿಯಲ್ಲೇ ಹಾಡಲು ಹೋಗಿ ಮೇಲಿನ ಷಡ್ಜದಲ್ಲಿ ಕಿರುಚಿಕೊಂಡೆ. ಪಕ್ಕದ ಅಂಗಡಿಯವರು ಓಡಿಬಂದು "ಅಕ್ಕಾ, ಸೂಜಿ ಚುಚ್ಚಿಕೊಂಡ್ರಾ?" ಎಂದು ಕೇಳಿದ ಮೇಲೆ ಬುದ್ಧಿ ಬಂತು. ಇನ್ನೊಬ್ಬರ ಅಳತೆಯ ರವಿಕೆ ತೊಟ್ಟರೆ ಉಸಿರು ಕಟ್ಟುತ್ತದೆ ಎಂದು ದಿನಾ ಬೇರೆಯವರಿಗೆ ಹೇಳುವವಳು ನಾನು! ಶ್ರುತಿ ಇಳಿಸಿದೆ, ಗಂಟಲು ಸಡಿಲವಾಯಿತು. ಒಂದು ಜಾಲತಾಣದಲ್ಲಿ ಯಾರೋ ಪುಣ್ಯಾತ್ಮರು ವರಸೆ, ಅಲಂಕಾರ, ಗೀತೆಗಳ ಸ್ವರಗಳನ್ನೆಲ್ಲ ಕನ್ನಡದಲ್ಲಿ ಕೂತು ಟೈಪ್ ಮಾಡಿ ಹಾಕಿದ್ದಾರೆ. ಬೇರೊಬ್ಬರು ತಮ್ಮ ಅಜ್ಜಿಯ ಹಾಡಿನ ಪುಸ್ತಕದ ಹಾಳೆಗಳ ಫೋಟೊ ತೆಗೆದು ಏರಿಸಿದ್ದಾರೆ. ಒಂದು ಹಾಳೆಯ ಮೂಲೆಯಲ್ಲಿ ಎಣ್ಣೆಯ ಕಲೆ ಇದೆ, ಒಗ್ಗರಣೆ ಹಾಕುತ್ತಾ ಅಭ್ಯಾಸ ಮಾಡುತ್ತಿದ್ದರೇನೋ. ಆ ಅಜ್ಜಿ ಯಾರೋ, ಎಲ್ಲಿಯವರೋ. ಅವರ ಎಣ್ಣೆ ಕೈ ನನ್ನ ಅಂಗಡಿಯವರೆಗೆ ಬಂದದ್ದು ನೆನೆದರೆ ಈಗಲೂ ಗಂಟಲು ಕಟ್ಟುತ್ತದೆ. ಇದು ಸುಳ್ಳಲ್ಲ.

ರಾಗಗಳ ಬಗ್ಗೆಯೇ ಇರುವ ತಾಣ ಒಂದಿದೆ. ಅಲ್ಲಿ ಓದಿದ ಒಂದು ಸಂಗತಿ ನನ್ನ ಕಸುಬಿನ ಬುದ್ಧಿಗೆ ಬಹಳ ಹಿಡಿಸಿತು. ಎಪ್ಪತ್ತೆರಡು ಮೇಳರಾಗಗಳಿಗೂ ಸರದಿಯ ಸಂಖ್ಯೆ ಇದೆ, ಆ ಸಂಖ್ಯೆಯನ್ನು ಹೆಸರಿನೊಳಗೇ ಬಚ್ಚಿಟ್ಟಿದ್ದಾರೆ. ಒಂದೊಂದು ಅಕ್ಷರಕ್ಕೆ ಒಂದೊಂದು ಅಂಕಿ. ಮೊದಲ ಪಾಠದ ರಾಗ ಮಾಯಾಮಾಳವಗೌಳ. ಅದರಲ್ಲಿ ಮಾ ಎಂದರೆ ಐದು, ಯಾ ಎಂದರೆ ಒಂದು. ಐವತ್ತೊಂದನ್ನು ತಿರುಗಿಸಿದರೆ ಹದಿನೈದು, ಅದು ಹದಿನೈದನೆಯ ಮೇಳ! ನಾನೂ ಹೀಗೆಯೇ ಬಟ್ಟೆಯ ಅಂಚಿನಲ್ಲಿ ಸೀಮೆಸುಣ್ಣದಿಂದ ಗುರುತು ಹಾಕುತ್ತೇನೆ, ಗಿರಾಕಿಗೆ ತಿಳಿಯಬಾರದು, ನನಗೆ ಮರೆಯಬಾರದು. ಹಿಂದಿನವರ ಜಾಣತನಕ್ಕೆ ಕೈಮುಗಿದೆ. ತಿರುಗಿಸಿ ಓದಬೇಕಾದದ್ದು ನನ್ನ ಫೋನಿನಲ್ಲಿ ಇನ್ನೂ ಒಂದಿದೆ ಎಂದು ಆಗ ಹೊಳೆಯಲಿಲ್ಲ.

ಟೀಚರಮ್ಮ ತಾಳವನ್ನು ಎಡಗೈಯಲ್ಲಿ ಹಾಕುತ್ತಿದ್ದರು. ಎದುರು ನಿಂತವರ ಬಲ ನಮಗೆ ಎಡಕ್ಕೆ ಕಾಣುತ್ತದೆ, ಅದನ್ನು ಕಂಡು ಮೋಸಹೋಗುವವಳು ನಾನಲ್ಲ. ಮೂವತ್ತು ವರ್ಷ ಜನರನ್ನು ಎದುರಿಗೆ ನಿಲ್ಲಿಸಿ ಅಳತೆ ತೆಗೆದಿದ್ದೇನೆ. ಚೆನ್ನಾಗಿ ಲೆಕ್ಕ ಹಾಕಿಯೇ ನೋಡಿದೆ, ಅದು ಎಡಗೈಯೇ. ನಾನೂ ಎಡಗೈಯನ್ನೇ ತೊಡೆಗೆ ತಟ್ಟಿದೆ. ಅನುಕೂಲವೂ ಆಯಿತು, ಫೋನು ನಿಲ್ಲಿಸಲು ಬಲಗೈ ಬಿಡುವಾಗಿರುತ್ತಿತ್ತು. ಅವರ ಸೆರಗು ಬಲಭುಜದ ಮೇಲಿದ್ದದ್ದನ್ನೂ ಗಮನಿಸಿದ್ದೆ. ಕೊಡಗಿನವರೋ ಗುಜರಾತಿನ ಕಡೆಯವರೋ ಇರಬೇಕು, ಪಾಪ, ಎಷ್ಟು ಚೆನ್ನಾಗಿ ಕನ್ನಡ ಕಲಿತಿದ್ದಾರೆ ಎಂದು ಮೆಚ್ಚಿಕೊಂಡೆ. ನಮ್ಮ ಯಜಮಾನರು ಒಮ್ಮೆ ಕ್ರಿಕೆಟ್ ನೋಡುತ್ತಿದ್ದವರು ನನ್ನತ್ತ ತಿರುಗಿ, "ಲೆಫ್ಟ್ ಹ್ಯಾಂಡಾ? ಒಳ್ಳೇದೇ ಬಿಡು, ಲೆಫ್ಟ್ ಹ್ಯಾಂಡ್ ಬ್ಯಾಟ್ಸ್‌ಮನ್‌ಗಳ ಆಟನೇ ನೋಡೋಕೆ ಚೆಂದ" ಎಂದರು. ವಿಚಾರಣೆ ಅಲ್ಲಿಗೆ ಮುಗಿಯಿತು.

ಎರಡು ವರ್ಷದಲ್ಲಿ ಸರಳೆ, ಜಂಟಿ, ಅಲಂಕಾರ ಮುಗಿಸಿ ಗೀತೆಗೆ ಬಂದೆ. ಮಲಹರಿ ರಾಗದ ಒಂದು ಪುಟ್ಟ ಗೀತೆ, ರೂಪಕ ತಾಳ. ಒಂದು ತಟ್ಟು, ಒಂದು ತಿರುವು. ಮತ್ತೆ ಒಂದು ತಟ್ಟು, ಮೂರು ಬೆರಳು. ಚಾಪೆಯ ಮೇಲಿನ ಮಕ್ಕಳು ಮೊದಲ ಹಲ್ಲು ಬೀಳುವ ಹೊತ್ತಿಗೆ ಕಲಿಯುವಂಥದ್ದು. ನನಗೆ ಅದೇ ಮಹಾಕಾವ್ಯ. ತೋಳು ಜೋಡಿಸುವಾಗ, ಹುಕ್ಕು ಹಾಕುವಾಗ, ಸಾರಕ್ಕಿ ಸಿಗ್ನಲ್ಲಿನಲ್ಲಿ ಬಸ್ಸು ನಿಂತಾಗ, ಬಾಯೊಳಗೇ ಹೇಳಿಕೊಂಡೆ. ಸಿಗ್ನಲ್ಲು ಅಲ್ಲಿ ಎಷ್ಟು ಹೊತ್ತು ನಿಲ್ಲಿಸುತ್ತದೆಂದು ನಿಮಗೆ ಗೊತ್ತಿದ್ದರೆ, ನನ್ನ ಸಾಧನೆಯಲ್ಲಿ ಸರ್ಕಾರದ ಪಾಲೂ ಇದೆ ಎಂದು ಒಪ್ಪುತ್ತೀರಿ.

ಕಳೆದ ನವರಾತ್ರಿಯ ಪಂಚಮಿಯ ಸಂಜೆ ವಿಶಾಲಾಕ್ಷಮ್ಮನವರ ಮನೆಗೆ ಹೋದೆ. ಏಳೆಂಟು ಹೆಂಗಸರಿದ್ದರು, ಅರ್ಧ ಜನರ ಮೈಮೇಲೆ ನಾನೇ ಹೊಲಿದ ರವಿಕೆ. ಅವರ ಸೊಸೆ ಮೇಘನಾ ಅಡುಗೆಮನೆಯಿಂದ ಉಸಲಿಯ ತಟ್ಟೆಗಳನ್ನು ತರುತ್ತಿದ್ದಳು. ದಾವಣಗೆರೆಯ ಹುಡುಗಿ, ಮದುವೆಯಾಗಿ ಮೂರು ವರ್ಷ, ಮನೆಯಲ್ಲೇ ಕೂತು ಕಂಪ್ಯೂಟರಿನಲ್ಲಿ ಕೆಲಸ ಮಾಡುವವಳು. ಅತ್ತೆ ಸಂಗೀತದವರು, ಸೊಸೆಗೆ ಸ್ವರದ ಗಂಧವಿಲ್ಲ ಎಂದು ಎಲ್ಲರೂ ತಿಳಿದಿದ್ದೆವು. ಸಾಲು ನನ್ನ ಹತ್ತಿರ ಬಂತು. ವಿಶಾಲಾಕ್ಷಮ್ಮನವರು ತಾಂಬೂಲದ ತಟ್ಟೆಯನ್ನು ಆಗಲೇ ಕೈಗೆತ್ತಿಕೊಂಡಿದ್ದರು.

"ಏನ್ ಜಯಮ್ಮಾ, ಈ ವರ್ಷನೂ ಗಂಟ್ಲು ಕೆಟ್ಟಿದ್ಯಾ?"

"ಇಲ್ಲಮ್ಮ, ಈ ವರ್ಷ ಚೆನ್ನಾಗಿದೆ."

ತಟ್ಟೆ ಕೆಳಗಿಳಿಯಿತು. "ಹಾಗಾದ್ರೆ ಹೇಳ್ತೀಯಾ?"

"ಹೇಳ್ತೀನಿ."

ಫೋನು ತೆಗೆದು ಶ್ರುತಿ ಹಾಕಿದೆ. ಕಣ್ಣು ಮುಚ್ಚಿ ಮೊದಲ ಸಾಲು ಹೇಳಿದೆ. ಬಂತು! ನನ್ನದೇ ದನಿ, ಆ ಹಜಾರದಲ್ಲಿ. ಧೈರ್ಯವಾಗಿ ಕಣ್ಣು ತೆರೆದೆ, ತೆರೆಯಬಾರದಿತ್ತು. ಎಲ್ಲರೂ ನನ್ನ ಮುಖ ಬಿಟ್ಟು ತೊಡೆಯ ಮೇಲಿನ ಎಡಗೈಯನ್ನು ನೋಡುತ್ತಿದ್ದರು. ಒಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದರು. ವಿಶಾಲಾಕ್ಷಮ್ಮನವರ ಹುಬ್ಬು ಒಂದು ನೂಲಲ್ಲ, ಒಂದಿಂಚು ಏರಿತ್ತು. ಏನು ತಪ್ಪಾಗಿದೆ ಎಂದು ತಿಳಿಯಲಿಲ್ಲ, ತಪ್ಪಾಗಿದೆ ಎಂದು ಮಾತ್ರ ತಿಳಿಯಿತು. ಎರಡನೆಯ ಸಾಲಿನ ನಡುವೆ ಬೆರಳೆಣಿಕೆ ತಪ್ಪಿತು, ಪದ ಮರೆಯಿತು, ತಂಬೂರಿಯೊಂದೇ ಮಿಡಿಯುತ್ತಾ ಉಳಿಯಿತು. ಮೂವತ್ತು ವರ್ಷದ ಸುಳ್ಳೇ ವಾಸಿಯಿತ್ತು ಎನಿಸಿ ಕಣ್ಣಲ್ಲಿ ನೀರು ಬಂತು.

ಆಗ ಅಡುಗೆಮನೆಯ ಬಾಗಿಲ ಬಳಿ ಒಂದು ತಟ್ಟು ಕೇಳಿಸಿತು. ಮೇಘನಾ ಉಸಲಿ ತಟ್ಟೆಗಳನ್ನು ನೆಲದ ಮೇಲಿಟ್ಟು, ಅಲ್ಲೇ ಹೊಸ್ತಿಲ ಪಕ್ಕ ಕೂತಿದ್ದಳು. ಎರಡೂ ಕೈ ಬಿಡುವಾಗಿದ್ದವು. ತಟ್ಟಿದ್ದು ಎಡಗೈ! ಒಂದು ತಟ್ಟು, ಒಂದು ತಿರುವು, ಮತ್ತೆ ತಟ್ಟು, ಕಿರುಬೆರಳಿನಿಂದ ಮೂರು ಬೆರಳು. ನನ್ನನ್ನೇ ನೋಡುತ್ತಾ, ಬಿಟ್ಟುಹೋದ ಸಾಲನ್ನು ಮೆಲ್ಲಗೆ ಎತ್ತಿಕೊಟ್ಟಳು. ನನ್ನ ಎಡಗೈ ತಾನಾಗಿ ಎದ್ದಿತು. ಹಜಾರದ ಈ ತುದಿಯಲ್ಲಿ ನಾನು, ಆ ತುದಿಯಲ್ಲಿ ಅವಳು, ಇಬ್ಬರೂ ಎಡಗೈಯಲ್ಲಿ ತಾಳ ಹಾಕುತ್ತಾ ಗೀತೆಯನ್ನು ಕೊನೆಯವರೆಗೆ ಹೇಳಿ ಮುಗಿಸಿದೆವು.

ವಿಶಾಲಾಕ್ಷಮ್ಮನವರು ಸೊಸೆಯತ್ತ ತಿರುಗಿ ಕೇಳಿದರು, "ಮೇಘನಾ, ನಿಂಗೆ ಇದು ಯಾವಾಗ ಬಂತು?"

"ಫೋನಲ್ಲಿ ಕಲಿತೆ ಅತ್ತೆ. ಒಂದೂವರೆ ವರ್ಷ ಆಯ್ತು. ರೂಮಲ್ಲಿ, ಹೆಡ್‌ಫೋನ್ ಹಾಕ್ಕೊಂಡು."

"ಮನೇಲಿ ನಾನಿರುವಾಗ ಫೋನ್ ಯಾಕಮ್ಮ?"

ಮೇಘನಾ ನೆಲ ನೋಡಿದಳು. "ಫೋನ್ ಹುಬ್ಬು ಎತ್ತಲ್ಲ ಅತ್ತೆ."

ಮೊದಲು ನಕ್ಕವರು ವಿಶಾಲಾಕ್ಷಮ್ಮನವರೇ. ಅವರು ನಕ್ಕ ಮೇಲೆ ಉಳಿದವರಿಗೂ ಪರವಾನಗಿ ಸಿಕ್ಕಿತು. "ಅದಿರ್ಲಿ, ತಾಳ ಹಾಕೋದು ಬಲಗೈಲಿ. ಇಬ್ರಿಗೂ ಈ ಎಡಗೈ ತಾಳ ಹೇಳಿಕೊಟ್ಟ ಮಹಾತಾಯಿ ಯಾರು, ತೋರಿಸಿ" ಎಂದರು. ನನ್ನ ಫೋನು ಕೊಟ್ಟೆ. ಕನ್ನಡಕ ಹಾಕಿಕೊಂಡು ಟೀಚರಮ್ಮನನ್ನು ನೋಡಿದರು. ನೋಡಿ, ಫೋನನ್ನು ನನ್ನ ಕಡೆ ತಿರುಗಿಸಿದರು.

"ಜಯಮ್ಮಾ, ಈಕೆ ಸೆರಗು ಯಾವ ಕಡೆ ಇದೆ?"

"ಬಲಗಡೆ ಅಮ್ಮ. ಕೊಡಗಿನವರೇನೋ ಅಂತ..."

"ಕೊಡಗಿನವರ ಥರ ನೆರಿಗೆ ಹಿಂದಕ್ಕಿದ್ಯಾ? ನಮ್ಮ ಥರಾನೇ ಉಟ್ಟಿದಾಳೆ ಕಣೆ. ಈ ವಿಡಿಯೊ ಕನ್ನಡೀಲಿ ತೋರಿಸ್ದಂಗೆ ಅದಲುಬದಲು ತೋರಿಸ್ತಿದೆ. ಆಕೆ ಹಾಕ್ತಿರೋದು ಬಲಗೈ ತಾಳ. ನಮ್ಮ ಮೇಘನಾ ಏನೋ ಹುಡುಗಿ, ಸಾಫ್ಟ್‌ವೇರ್ ಓದಿದೋಳು. ಮೂವತ್ತು ವರ್ಷ ರವಿಕೆ ಹೊಲಿದ ನಿಂಗೂ ಗೊತ್ತಾಗ್ಲಿಲ್ವೇನೆ?"

ಭೂಮಿ ಬಾಯಿಬಿಡಬಾರದೇ ಎನಿಸಿತು. ನನ್ನ ಕಸುಬು ಕಣ್ಣೆದುರೇ ಕೂತು ಕೈಬೀಸಿ ಕರೆದಿದ್ದರೂ ನಾನು ಗುಜರಾತಿಗೆ ಹೋಗಿಬಂದಿದ್ದೆ. ಆದರೆ ವಿಶಾಲಾಕ್ಷಮ್ಮನವರು ಫೋನು ವಾಪಸು ಕೊಡಲಿಲ್ಲ. ಪಾಠ ಮುಂದುವರಿಯಲು ಬಿಟ್ಟರು. ಟೀಚರಮ್ಮ ಒಂದೇ ಸಾಲನ್ನು ಬಿಡಿಸಿ, ಕೂಡಿಸಿ, ಮತ್ತೆ ಬಿಡಿಸಿ ಹೇಳಿಕೊಡುವುದನ್ನು ಕೊನೆಯವರೆಗೂ ಕೇಳಿದರು. ಅವರ ಹುಬ್ಬು ಒಮ್ಮೆಯೂ ಏಳಲಿಲ್ಲ. "ತುಂಬಾ ಚೆನ್ನಾಗಿ ಹೇಳಿಕೊಡ್ತಾಳೆ. ಇಷ್ಟು ತಾಳ್ಮೆ ನಂಗೆ ಯಾವತ್ತೂ ಇರ್ಲಿಲ್ಲ" ಎಂದು ಮೆಲ್ಲಗೆ ಹೇಳಿ, ಸೊಸೆಯ ಕಡೆ ನೋಡಿದರು. ಆಮೇಲೆ ನನ್ನ ಹಣೆಗೆ ಕುಂಕುಮ ಇಟ್ಟು, "ಶನಿವಾರ ಅಂಗಡಿ ಬೇಗ ಮುಚ್ಚಿ ಬಾ. ಇವಳನ್ನೂ ಕೂರಿಸ್ಕೋತೀನಿ" ಎಂದರು.

ಮನೆಗೆ ಬಂದು ಟೀಚರಮ್ಮನ ವಿಡಿಯೊ ಕೆಳಗೆ, ಎರಡು ವರ್ಷದಲ್ಲಿ ಮೊದಲ ಸಲ, ನಾಲ್ಕು ಸಾಲು ಬರೆದೆ. ನಡೆದದ್ದನ್ನೆಲ್ಲ ಹೇಳಿ, ನಮಸ್ಕಾರ ಹಾಕಿದೆ. ಮಾರನೆಯ ದಿನ ಉತ್ತರ ಬಂದಿತ್ತು: "ಅಯ್ಯೋ ದೇವರೇ! ಇಷ್ಟು ದಿನ ಯಾರೂ ಹೇಳಲೇ ಇಲ್ಲವಲ್ಲ!" ಅದರ ಕೆಳಗೆ ಸಾಲುಸಾಲಾಗಿ ಉಳಿದವರು. ಹುಬ್ಬಳ್ಳಿಯ ಒಬ್ಬರು, "ನಾನೂ ಎಡಗೈ." ಸಿಂಗಪುರದ ಒಬ್ಬರು, "ನಾನು, ನನ್ನ ಮಗಳು ಇಬ್ಬರೂ." ಬಿಟಿಎಂ ಲೇಔಟಿನ ಪೀಜಿಯಿಂದ ಒಬ್ಬಳು, "ನಮ್ಮ ರೂಮಿನ ನಾಲ್ಕೂ ಜನ, ಆಂಟಿ." ಒಬ್ಬ ಗುರು, ಒಂದು ತಪ್ಪು, ಮುಖ ನೋಡದ ಇಷ್ಟು ಜನ ಒಡಹುಟ್ಟಿದವರು! ಗುರುಕುಲ ಎಂಬ ಮಾತು ಕೇಳಿದ್ದೆ, ಅದರಲ್ಲಿ ನನಗೂ ಜಾಗವಿದೆ ಎಂದು ಅವತ್ತು ತಿಳಿಯಿತು.

ಈಗ ಪ್ರತಿ ಶನಿವಾರ ಜಯನಗರದ ಆ ಚಾಪೆಯ ಮೇಲೆ ನಾನೂ ಮೇಘನಾಳೂ ಕೂರುತ್ತೇವೆ. ಹುಬ್ಬು ಏಳುವುದು ಕಡಿಮೆಯಾಗಿದೆ, ನಿಂತಿಲ್ಲ. ವಿಶಾಲಾಕ್ಷಮ್ಮನವರ ಫೋನಿಗೂ ಶ್ರುತಿಯ ಆ್ಯಪ್ ಹಾಕಿಕೊಟ್ಟಿದ್ದೇವೆ. ಮಧ್ಯಾಹ್ನ ಒಬ್ಬರೇ ಇರುವಾಗ ಅವರೂ ಟೀಚರಮ್ಮನ ಪಾಠ ನೋಡುತ್ತಾರೆ ಎಂದು ಮೇಘನಾ ಪಿಸುಗುಟ್ಟಿದಳು. ಹೊಸ ವಿಡಿಯೊಗಳಲ್ಲಿ ಟೀಚರಮ್ಮನ ಸೆರಗು ಎಡಭುಜಕ್ಕೆ ಬಂದಿದೆ. ನನ್ನ ತಾಳವೂ ಬಲಗೈಗೆ ಬಂದಿದೆ. ಆದರೆ ಸೆರಗಿನ ಮರೆಯಲ್ಲಿ, ಯಾರಿಗೂ ಕಾಣದಂತೆ, ಎಡಗೈ ಇನ್ನೂ ತನ್ನ ಪಾಡಿಗೆ ತಾನು ಬೆರಳೆಣಿಸುತ್ತಿರುತ್ತದೆ. ನಾನು ಅದನ್ನು ಗದರಿಸುವುದಿಲ್ಲ. ನಮ್ಮಿಬ್ಬರಲ್ಲಿ ಮೊದಲು ಕಲಿತದ್ದು ಅದೇ ಅಲ್ಲವೇ.